ಹೋಬಳಿ ಶಾಲೆಗಳ ಪ್ರವರ್ತಕರಾದ ಲೂಯಿಸ್ ರೈಸ್ ದೊರೆಗಳು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ಸೀಮೆಗಳ ಹಳ್ಳಿಗಳಲ್ಲಿ ವೃದ್ಧರಾದವರು ಬಹುಕಾಲದವರೆಗೆ ಶಾಲೆಯನ್ನು ಮಠವೆಂದೇ ಕರೆಯುತ್ತಿದ್ದರು. ಮಗುವಿಗೆ ಓದು ಬರಹ ಕಲಿಸುವುದೆಂದರೆ ಮಠಕ್ಕೆ ಹಾಕುವುದು. ಕಲಿಸುವವರು ಯಾವ ಕುಲದವರಾದರೂ ಅವರು ಐಗಳು. ಈ ಮಾತುಗಳು ಅಷ್ಟು ಸುಲಭವಾಗಿ ಅಳಿದುಹೋಗದಿದ್ದುದಕ್ಕೆ ಕಾರಣವುಂಟು. ಸರ್ಕಾರದವರ ಶಾಲೆಯು ಈ ಪ್ರಾಂತ್ಯದ ಹಳ್ಳಿಗಳಿಗೆ ಬಂದಾಗ ಅದು ಐಗಳ ಮಠವನ್ನು ಹೊಡೆದುರುಳಿಸಿ ಬರಲಿಲ್ಲ. ಆ ಐಗಳನ್ನೇ ಕೈಹಿಡಿದುಕೊಂಡು ಬಂದಿತು. ಹಾಗೆ ಬರುವಂತೆ ಏರ್ಪಡಿಸಿದವರು ಬೆಂಜಮಿನ್ ಲೂಯಿಸ್ ರೈಸ್ ಎಂಬ ಆಂಗ್ಲ ಮಹನೀಯರು. ಶಾಸನಗಳ ಸಂಶೋಧಕರೆಂದು ಇವರ ಕೀರ್ತಿಯು ನಾಡಿನಲ್ಲೆಲ್ಲ ಹಬ್ಬಿರುವುದು. ಆದರೆ ಅದಕ್ಕೂ ಮೊದಲು ಇವರು ಬಡ ರೈತರ ಮಕ್ಕಳ ಓನಾಮಕ್ಕಾಗಿ ಪಟ್ಟ ಶ್ರಮವನ್ನು ಸ್ಮರಿಸುವವರು ವಿರಳ.

ರೈಸರು ಪರದೇಶದವರಾದರೂ ಹುಟ್ಟಿದ್ದು ಕನ್ನಡ ನೆಲದಲ್ಲಿಯೇ. 1837ನೆಯ ಇಸವಿ ಜುಲೈ 17ರಂದು ಬೆಂಗಳೂರಿನಲ್ಲಿ ಅವರ ಜನನವಾಯಿತು. ತಂದೆ ಬೆಂಜಮಿನ್ ಹೋಲ್ಟ್ ರೈಸ್ ಎಂಬುವರು ಲಂಡನ್ ಮಿಷನ್ ಸಂಘದ ಪಾದ್ರಿಗಳಾಗಿದ್ದು, ಕನ್ನಡದಲ್ಲಿ ಒಳ್ಳೆಯ ಪಾಂಡಿತ್ಯವನ್ನು ಸಂಪಾದಿಸಿ, ಬೆಂಗಳೂರಿನಲ್ಲಿ ಶಾಲೆಗಳನ್ನು ನಡೆಸುತ್ತಿದ್ದರು. ಹೀಗೆ ಬಾಲಕನ ಕಿವಿಗೆ ಮೊದಲಿನಿಂದಲೇ ಕನ್ನಡವು ಬಿದ್ದಿತು. ವಿದ್ಯಾಭ್ಯಾಸವನ್ನು ಇಂಗ್ಲೆಂಡಿನಲ್ಲಿ ಮುಗಿಸಿಕೊಂಡು 1860ರಲ್ಲಿ ಹಿಂತಿರುಗಿದ ತರುಣ ರೈಸರು ಬೆಂಗಳೂರು ಹೈಸ್ಕೂಲಿನ ಮುಖ್ಯೋಪಾಧ್ಯಾಯರಾದರು. ಮುಂದೆ ಸೆಂಟ್ರಲ್ ಕಾಲೇಜೆಂದು ಪ್ರಸಿದ್ಧವಾದ ವಿದ್ಯಾಶಾಲೆ ಅದೇ. ಐದು ವರ್ಷಗಳ ತರುವಾಯ, 1865ರಲ್ಲಿ, ಮೈಸೂರು ಮತ್ತು ಕೊಡಗು ಸೀಮೆಗಳ ಶಾಲೆಗಳ ಇನ್‌ಸ್ಪೆಕ್ಟರ್ ಪದವಿಯು ಅವರಿಗೆ ಬಂದಿತು. ಅಲ್ಲಿಂದ ಮುಂದೆ ಅವರ ಬಾಳು ಕುದುರೆಯ ಬೆನ್ನಿನ ಮೇಲೆ, ಊರಿಂದೂರಿಗೆ ಸಾಗಿತು.

ಆಗ ಸಂಸ್ಥಾನವು ಆಂಗ್ಲ ಕಮಿಷನರ ಆಡಳಿತದಲ್ಲಿದ್ದಿತು. ವಿದ್ಯಾ ಇಲಾಖೆಯು 1857ರಲ್ಲಿ ಆರಂಭವಾಗಿ, ಕೆಲವು ದೊಡ್ಡ ಊರುಗಳಲ್ಲಿಯೂ ತಾಲ್ಲೂಕು ಕಸಬೆಗಳಲ್ಲಿಯೂ ಸರ್ಕಾರದ ಶಾಲೆಗಳು ಒಂದೊಂದಾಗಿ ಏಳುತ್ತಿದ್ದವು. ವೆಸ್ಲಿಯನ್ ಪಾದ್ರಿಗಳು 1837ರಿಂದಲೇ ಗುಬ್ಬಿಯಲ್ಲಿ ನೆಲೆಯೂರಿದ್ದರು. ಆದರೆ ಕಸಬೆಯಿಂದ ಒಂದು ಹರಿದಾರಿ ದೂರ ಹೋದರೆ ಈ ಹೊಸ ಬೆಳಕಿನ ಸುಳಿವೇ ಇರಲಿಲ್ಲ. ಕಸಬೆಯ ಶಾಲೆಗೆ ಬರುತ್ತಿದ್ದವರು ಅಧಿಕಾರಿಗಳ, ಶಾನುಭೋಗರ, ವರ್ತಕರ ಮಕ್ಕಳು. ರಾಗಿ, ಹುರುಳಿ ಬೆಳೆಯುವವನ ಮಗನು ದನದ ಹಿಂದೆ ಇದ್ದನು. ಅದೃಷ್ಟವಿದ್ದರೆ ಐಗಳ ಜಗುಲಿಯ ಮೇಲೆ ಇದ್ದನು.

ಆ ಜಗುಲಿಯ ಶಾಲೆಯನ್ನು ಇಂದಿನವರು ಕಂಡವರಲ್ಲವಾದ್ದರಿಂದ ಅದರ ಸ್ವರೂಪವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳುವುದು ಉಚಿತ. ಇದಕ್ಕೆ ಕೂಲಿಮಠವೆಂದು ಹೆಸರು. ಕಲಿಸುವವರಿಗೆ ಮಕ್ಕಳ ಮನೆಯವರು ಕೂಲಿಯನ್ನು, ಅಂದರೆ ಪ್ರತಿಫಲವನ್ನು, ಕಾಸಿನ ರೂಪದಲ್ಲಿಯೋ ಪಡಿಯ ರೂಪದಲ್ಲಿಯೋ ಕೊಡುತ್ತಿದ್ದುದರಿಂದ ಆ ಹೆಸರು ಬಂದಿತು. ಐಗಳಲ್ಲಿ ಅನೇಕರು ಜಂಗಮರು. ಬ್ರಾಹ್ಮಣರೂ ಇತರರೂ ಇದ್ದರು. ದೇವಸ್ಥಾನದ ಪೌಳಿ, ಮಠದ ಪಡಸಾಲೆ, ಗೌಡರ ಮನೆಯ ಜಗುಲಿ, ಯಾವುದೂ ಇಲ್ಲದಿದ್ದರೆ ಮರದ ನೆರಳು, ಇವೇ ಶಾಲೆಯ ಕಟ್ಟಡ. ಮಗುವು ಮೊದಲು ಮರಳಿನ ಮೇಲೆ ಬೆರಳಿನಿಂದ ಅಕ್ಷರವನ್ನು ತಿದ್ದಬೇಕು. ಕೈ ಕುದುರಿದಮೇಲೆ ಕಡತಕ್ಕೆ ಏರುವುದು. ಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಬಳಿದು ಒಣಗಿಸಿ ಮಡಿಕೆ ಮಡಿಕೆಯಾಗಿ ಮಡಿಸಿದರೆ ಕಡತವಾಯಿತು. ಅದರ ಮೇಲೆ ಬಳಪದಿಂದ ಬರೆದು, ಅಳಿಸಿ, ಮತ್ತೆ ಬಳಿದು ವರ್ಷಗಟ್ಟಲೆ ಉಪಯೋಗಿಸಬಹುದಾಗಿತ್ತು. ಕಾಗುಣಿತ, ಒತ್ತಕ್ಷರ, ಮಗ್ಗಿ, ಅರೆ, ಕಾಲು, ವೀಸಗಳ ಲೆಕ್ಕ; ಆಮೇಲೆ ಅಮರಕೋಶ, ಸೋಮೇಶ್ವರ ಶತಕ, ಜೈಮಿನಿ ಭಾರತ; ನಮ್ಮವರ ಮಠಗಳಲ್ಲಿ ಬಸವಪುರಾಣ, ರಾಜಶೇಖರ ವಿಳಾಸ. ದೊಡ್ಡ ಹುಡುಗರು ಚಿಕ್ಕವರಿಗೆ ಹೇಳಿಕೊಡುವರು, ಐಗಳು ದೊಡ್ಡವರಿಗೆ ಹೇಳಿಕೊಡುವರು. ಮಹಾನವಮಿಯಲ್ಲಿ ಮಕ್ಕಳು ಕೋಲುಗಳನ್ನು ಹಿಡಿದು ಚೌಪದಗಳನ್ನು ಹಾಡುತ್ತ ಮನೆಮನೆಗೂ ಹೋಗಿ ಐಗಳಿಗೆ ಕಾಣಿಕೆಯನ್ನು ತರುತ್ತಿದ್ದರು. ತಪ್ಪಿದವನಿಗೆ ಕೋದಂಡವೂ ಇತ್ತೆಂಬುದನ್ನು ಮರೆಮಾಚಬೇಕಾದುದಿಲ್ಲ. ಬೆತ್ತವನ್ನು ಕಾಣದೆ ಕಲಿತವರು ಆ ಕಾಲದಲ್ಲಿ ಇಲ್ಲವೆಂದರೂ ಸಲ್ಲುವುದು.

ಮಧುಗಿರಿ, ಪಾವಗಡಗಳ ನಡುವೆ ಚಾಚಿಕೊಂಡಿರುವ ಮಡಕಶಿರದ ಸೀಮೆಯು ಆ ಕಾಲಕ್ಕೆ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಬಳ್ಳಾರಿಯ ಕಲೆಕ್ಟರಾದ ಕ್ಯಾಂಬೆಲ್ ಎಂಬುವರು 1823ರಲ್ಲಿ ತಮ್ಮ ಜಿಲ್ಲೆಯ ಇಂತಹ ಶಾಲೆಗಳನ್ನೆಲ್ಲ ಎಣಿಸಿ ಮದರಾಸಿಗೆ ವರದಿಯನ್ನು ಕಳುಹಿಸಿದರು. ಆ ಎಣಿಕೆಯಂತೆ 533 ಶಾಲೆಗಳು, 6,641 ವಿದ್ಯಾರ್ಥಿಗಳು. ಜಿಲ್ಲೆಯ ಜನಸಂಖ್ಯೆಯಾದರೋ ಒಂಬತ್ತು ಲಕ್ಷಕ್ಕೂ ಮೇಲ್ಪಟ್ಟುದು. ಹಿರಿಯ ಹುಡುಗನು ಕಿರಿಯನಿಗೆ ಕಲಿಸುವ ಕ್ರಮವನ್ನೂ ಖರ್ಚಿನ ಮಿತವನ್ನೂ ಆತನು ಮೆಚ್ಚಿಕೊಂಡನು. ಆದರೆ ಕಾವ್ಯಗಳನ್ನು ಅರ್ಥವರಿಯದೆ ಬಾಯಿಪಾಠ ಮಾಡಿಸುವುದನ್ನು ಆಕ್ಷೇಪಿಸಿದನು. ಬಡತನವು ಹೆಚ್ಚಿದಂತೆ ತಂದೆತಾಯಿಗಳು ಮಕ್ಕಳನ್ನು ಬಿಡಿಸಿಕೊಳ್ಳುತ್ತಿರುವರೆಂದೂ ಅದೇ ವರದಿಯಲ್ಲಿ ಮರುಗಿದನು. ಗಡಿಯ ಈಚೆಗಿನ ನಮ್ಮ ಹಳ್ಳಿಗಳ ಪರಿಯೂ ಇದಕ್ಕಿಂತ ಬೇರೆಯಾಗಿರಲು ಕಾರಣವಿಲ್ಲ. ಭಾಷೆ ಒಂದೇ, ಬೆಳೆ ಒಂದೇ, ಬರವೂ ಒಂದೇ.

ಇಂತಹ ಐಗಳ ಮಠಗಳನ್ನು ಏನು ಮಾಡಬೇಕೆಂಬುದು 1860ರ ದಶಕದ ವಿದ್ಯಾಧಿಕಾರಿಗಳ ಮುಂದಿದ್ದ ಪ್ರಶ್ನೆ. ಇವು ಶಾಲೆಗಳೇ ಅಲ್ಲವೆಂದು ಕಣ್ಣುಮುಚ್ಚಿಕೊಂಡು, ಕಸಬೆಗಳಲ್ಲಿ ಹೊಸ ಶಾಲೆಗಳನ್ನು ಕಟ್ಟಿದರೆ ವಿದ್ಯೆಯು ತಾನೇ ಹಳ್ಳಿಗೆ ಇಳಿದುಹೋಗುವುದೆಂದು ನಂಬಿದವರು ಭರತಖಂಡದಲ್ಲೆಲ್ಲ ಇದ್ದರು. ರೈಸರು ಹಳ್ಳಿಗಳನ್ನು ಸುತ್ತಿ ನೋಡಿದ್ದರಾದಕಾರಣ ಆ ಮಾತನ್ನು ನಂಬಲಿಲ್ಲ. 1868ರಲ್ಲಿ, ಡೈರೆಕ್ಟರಾಗಿದ್ದ ಜಾನ್ ಗ್ಯಾರೆಟ್ಟರ ಸ್ಥಾನದಲ್ಲಿ ತಾವು ಕಾರ್ಯಭಾರವನ್ನು ವಹಿಸಿದ್ದಾಗ, ಹೋಬಳಿ ಶಾಲೆಗಳ ಏರ್ಪಾಡೊಂದನ್ನು ಸಿದ್ಧಪಡಿಸಿ ಸರ್ಕಾರದ ಮಂಜೂರಾತಿಯನ್ನು ಪಡೆದರು. ಮರುವರ್ಷ ಗ್ಯಾರೆಟ್ಟರ ಮಗಳನ್ನೇ ವಿವಾಹವಾದರು.

ಏರ್ಪಾಡು ನೋಡಲು ಸರಳವಾದುದು. ಕಂದಾಯದ ವಿಚಾರದಲ್ಲಿ ಒಂದೊಂದು ತಾಲ್ಲೂಕು ಹಲವು ಹೋಬಳಿಗಳಾಗಿ ಹಂಚಿದ್ದಿತು. ಒಂದು ಹೋಬಳಿಗೆ ಒಂದು ಶಾಲೆಯಾದರೂ ಇರಬೇಕು. ಶಾಲೆಗೆ ತಕ್ಕ ಮನೆಯನ್ನು ಊರಿನವರು ಒದಗಿಸಬೇಕು. ಅಲ್ಲಿಗೆ ಉಪಾಧ್ಯಾಯರನ್ನು ಬೆಂಗಳೂರಿನಿಂದ ಕಳುಹಿಸತಕ್ಕದ್ದಲ್ಲ; ಅದೇ ಹೋಬಳಿಯಲ್ಲಿ ಈಗಾಗಲೇ ಮಕ್ಕಳಿಗೆ ಕಲಿಸುತ್ತಿರುವ ಐಗಳು ಒಪ್ಪಿದರೆ, ಜನರಿಗೂ ಅವರು ಒಪ್ಪಿಗೆಯಾದರೆ, ಅವರನ್ನೇ ಆರಿಸಿ, ನಾರ್ಮಲ್ ಸ್ಕೂಲಿನಲ್ಲಿ ಕೆಲಕಾಲ ಶಿಕ್ಷಣವನ್ನು ಕೊಟ್ಟು, ಸಂಬಳವನ್ನು ಗೊತ್ತುಮಾಡಿ, ಸ್ವಂತ ಊರಿಗೇ ಹಿಂದಕ್ಕೆ ಕಳುಹಿಸಬೇಕು. ಖರ್ಚಿಗೆ ಭೂಕಂದಾಯದೊಡನೆ ವಸೂಲಾಗುವ ಸ್ಥಳೀಯ ಪಟ್ಟಿಯಿಂದ ಒಂದು ಪಾಲನ್ನು ತೆಗೆದಿಡಬೇಕು. ರೈತನು ಕೊಟ್ಟ ಹಣದ ಒಂದು ಭಾಗವು ರೈತನ ಮಗನ ಓದಿಗೆ ಹಿಂದಿರುಗತಕ್ಕದ್ದೆಂಬ ನ್ಯಾಯವು ಇದರಲ್ಲಿ ಅಡಗಿತ್ತು.

ಐಗಳನ್ನೇ ಆರಿಸಬೇಕೆಂಬ ಈ ಒಂದು ನಿಬಂಧನೆಯಲ್ಲಿಯೇ ರೈಸರ ದೂರದೃಷ್ಟಿಯು ಪ್ರಕಾಶಿಸುತ್ತದೆ. ಹಳ್ಳಿಯ ತಾಯಿಗೆ ಸರ್ಕಾರವೆಂದರೆ ಅಮಲ್ದಾರ, ಪೇದೆ, ಕಂದಾಯ. ಸರ್ಕಾರದ ಶಾಲೆಯೆಂದರೆ ಮಗನನ್ನು ಎಲ್ಲಿಗೋ ಹಿಡಿದುಕೊಂಡು ಹೋಗುವರೆಂಬ ಭಯ. ಇಲ್ಲವೆ ಜಾತಿ ಕೆಡಿಸುವರೆಂಬ ಶಂಕೆ. ಆದರೆ ಅಲ್ಲಿ ಕುಳಿತಿರುವವರು ತನ್ನ ಗಂಡನಿಗೆ ಅಕ್ಷರ ಕಲಿಸಿದ ಅಯ್ಯನವರೇ ಆದರೆ ಆ ಭಯವು ಹೇಗೆ ನಿಂತೀತು? ರೈಸರು ಪಾದ್ರಿಯ ಮಗನಾದರೂ ಹೋಬಳಿ ಶಾಲೆಯೊಳಕ್ಕೆ ಮತಬೋಧೆಯನ್ನು ತರಲಿಲ್ಲ. ಅಯ್ಯನವರು ವಿಭೂತಿಯನ್ನು ಧರಿಸಿಯೇ ಹೋಗಿ, ವಿಭೂತಿಯನ್ನು ಧರಿಸಿಯೇ ಹಿಂತಿರುಗಿ ಬಂದರು. ಹೊಸದಾಗಿ ತಂದುದು ಕಲ್ಲುಹಲಗೆ, ಅಚ್ಚಿನ ಪುಸ್ತಕ, ಭೂಗೋಳದ ಪಟ, ಹಾಜರಿ ಪಟ್ಟಿ. ಅದೇ ಕಾಲದಲ್ಲಿ, 1863ರಿಂದ, ಸಂಸ್ಥಾನದಲ್ಲಿ ಭೂಮಿಯ ಸರ್ವೆ ಕಾರ್ಯವು ನಡೆಯುತ್ತಿದ್ದುದನ್ನು ಇಲ್ಲಿ ನೆನೆಯಬೇಕು. ತನ್ನ ಹೊಲದ ನಂಬರನ್ನೂ ಕಂದಾಯವನ್ನೂ ಕಾಗದದ ಮೇಲೆ ತಾನೇ ಓದಬಲ್ಲ ರೈತನಿಗೂ, ಇನ್ನೊಬ್ಬರಿಂದ ಓದಿಸಿಕೊಳ್ಳಬೇಕಾದ ರೈತನಿಗೂ ಇರುವ ಅಂತರವನ್ನು ಹಳ್ಳಿಯಲ್ಲಿ ಬಾಳಿದವರಿಗೆ ವಿವರಿಸಬೇಕಾದುದಿಲ್ಲ.

ಪಾವಗಡದ ಕಡೆಯಲ್ಲಿ ಇನ್ನೊಂದು ವಿಶೇಷವಿದ್ದಿತು. ಆಗ ಆ ತಾಲ್ಲೂಕು ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು. ಅಲ್ಲಿಯ ಬಹು ಮನೆಗಳಲ್ಲಿ ಆಡುವ ಮಾತು ತೆಲುಗು. ಕಂದಾಯದ ಲೆಕ್ಕವೂ ಶಾಲೆಯ ಪಾಠವೂ ಕನ್ನಡ. ಶಿರಾದಲ್ಲಿ ಇವೆರಡರ ಜೊತೆಗೆ ಹಿಂದೂಸ್ತಾನಿಯೂ ಸೇರಿತು. ಮನೆಯಲ್ಲಿ ಒಂದು, ಶಾಲೆಯಲ್ಲಿ ಇನ್ನೊಂದು ಎಂಬ ಈ ಕಷ್ಟವನ್ನು ಆ ಸೀಮೆಯ ಮಕ್ಕಳು ತಲೆತಲಾಂತರದಿಂದ ಕಷ್ಟವೆಂದು ಎಣಿಸದೆಯೇ ದಾಟಿಕೊಂಡು ಬಂದಿರುವರು.

ಹೀಗೆಂದು ಈ ಏರ್ಪಾಡಿನಲ್ಲಿ ದೋಷವಿರಲಿಲ್ಲವೆಂದು ಹೇಳಲಾಗದು. ಹೋಬಳಿಯ ಒಂದು ಊರಿಗೆ ಶಾಲೆ ಬಂದರೆ ಸುತ್ತಣ ಹತ್ತಾರು ಊರುಗಳಿಗೆ ಅದು ದೂರವೇ. ಸಂಬಳವು ಅತ್ಯಲ್ಪ. ಹೆಣ್ಣುಮಕ್ಕಳು ಈ ಶಾಲೆಗಳಲ್ಲಿ ಕಾಣುತ್ತಿದ್ದುದು ಅಪರೂಪ. ಅಂತ್ಯಜರೆಂದು ಊರ ಹೊರಗೆ ಇಟ್ಟವರ ಮಕ್ಕಳನ್ನು, ಸರ್ಕಾರದ ಶಾಲೆಯೇ ಆದರೂ, ಊರಿನವರು ಒಳಕ್ಕೆ ಬಿಡಲಿಲ್ಲ; ಊರಿನವರ ಒಪ್ಪಿಗೆಯ ಮೇಲೆ ನಿಂತ ಶಾಲೆಯು ಊರಿನವರ ಪಕ್ಷಪಾತವನ್ನೂ ಹೊತ್ತುಕೊಳ್ಳಬೇಕಾಯಿತು. ಬಸವಣ್ಣನವರನ್ನು ದಿನವೂ ಸ್ಮರಿಸುವ ಅಯ್ಯನವರೂ ಇದನ್ನು ಕಂಡು ಸುಮ್ಮನಿದ್ದರೆಂಬುದು ನಾವು ತಲೆತಗ್ಗಿಸಬೇಕಾದ ಸಂಗತಿ. ಇದಲ್ಲದೆ ಮತ್ತೊಂದು ನಷ್ಟವುಂಟು. ನಾರ್ಮಲ್ ಸ್ಕೂಲಿಗೆ ಹೋಗಲು ವಯಸ್ಸು ಮೀರಿದ ಐಗಳು, ಹೋಗಲೊಲ್ಲದ ಐಗಳು ಹಿಂದೆ ಉಳಿದರು; ಅವರ ಜಗುಲಿಗಳು ಕ್ರಮೇಣ ಬರಿದಾದುವು. ಅವರ ಬಾಯಲ್ಲಿ ಇದ್ದ ಪುರಾಣ, ಪದ, ಲೆಕ್ಕದ ಉಪಾಯಗಳಲ್ಲಿ ಎಷ್ಟೋ ಅವರೊಡನೆಯೇ ಮಣ್ಣುಗೂಡಿದುವು. ಕಡತವನ್ನು ಮಾಡಬಲ್ಲವರು ಈಗ ಯಾವ ಹಳ್ಳಿಯಲ್ಲಿ ಸಿಕ್ಕುವರು?

1873ರಲ್ಲಿ ರೈಸರು ವಿದ್ಯಾ ಇಲಾಖೆಯ ಡೈರೆಕ್ಟರಾದರು. ಅದೇ ವರ್ಷ ಅಮರಕೋಶವನ್ನು ಕನ್ನಡ ಮತ್ತು ಇಂಗ್ಲಿಷ್ ಅರ್ಥಗಳೊಡನೆ ಅಚ್ಚು ಮಾಡಿಸಿದರು. ಐಗಳ ಮಠದ ಹುಡುಗರು ಬಾಯಿಪಾಠ ಹೇಳುತ್ತಿದ್ದ ಅದೇ ಅಮರ. ಅರ್ಥವರಿಯದ ಬಾಯಿಪಾಠವೆಂಬ ಆಕ್ಷೇಪಣೆಗೆ ಅಮರವನ್ನು ಬಿಟ್ಟುಬಿಡುವುದು ಒಂದು ಸಮಾಧಾನ. ಅರ್ಥವನ್ನು ಸೇರಿಸಿ ಕೊಡುವುದು ಇನ್ನೊಂದು. ರೈಸರು ಎರಡನೆಯದನ್ನು ಆರಿಸಿಕೊಂಡರು.

ಮುಂದೆ ಸರ್ಕಾರದ ಅಪ್ಪಣೆಯಂತೆ ಮೈಸೂರು ಮತ್ತು ಕೊಡಗುಗಳ ಗೆಜೆಟಿಯರನ್ನು ಮೂರು ಸಂಪುಟಗಳಲ್ಲಿ ರಚಿಸಿ 1876ರಿಂದ 1878ರ ಒಳಗೆ ಹೊರತಂದರು. ಈ ಗ್ರಂಥದಲ್ಲಿ ನಮ್ಮ ಊರುಗಳು ಒಂದೊಂದಾಗಿ ಬಂದು ನಿಲ್ಲುವುವು. ಜೇನಿನ ಬೆಟ್ಟವೆಂಬ ಹೆಸರನ್ನು ಹೊತ್ತ ಮದ್ದಗಿರಿ. ಮೊಗಲರ ಸುಬೇದಾರರ ರಾಜಧಾನಿಯಾಗಿ ಮೆರೆದ ಶಿರಾ. ದಿಲಾವರ ಖಾನನ ಆಳ್ವಿಕೆಯಲ್ಲಿ ಶಿರಾ ಪಟ್ಟಣದಲ್ಲಿ 50,000 ಮನೆಗಳಿದ್ದುವೆಂಬುದನ್ನೂ, ಟಿಪ್ಪುವು ಶ್ರೀರಂಗಪಟ್ಟಣದ ಬಳಿ ಗಂಜಾಂ ಎಂಬ ಪೇಟೆಯನ್ನು ಕಟ್ಟುವುದಕ್ಕಾಗಿ ಇಲ್ಲಿಂದ 12,000 ಕುಟುಂಬಗಳನ್ನು ಬಲಾತ್ಕಾರದಿಂದ ಸಾಗಿಸಿದುದನ್ನೂ ರೈಸರು ದಾಖಲೆ ಮಾಡಿದರು. ಶಿರಾದ ಮಕ್ಕಳು ತಮ್ಮ ಊರಿನ ಚರಿತ್ರೆಯನ್ನು ಬರಹದಲ್ಲಿ ಓದುವುದಕ್ಕೆ ಅವಕಾಶವಾದುದು ಹೀಗೆ.

ಗೆಜೆಟಿಯರು ಅಚ್ಚಾಗುತ್ತಿದ್ದ ಕಾಲದಲ್ಲಿಯೇ ಧಾತು, ಈಶ್ವರ ಸಂವತ್ಸರಗಳ ಮಹಾಕ್ಷಾಮವು ನಾಡನ್ನು ನುಂಗಿತು. 1871ರ ಖಾನೇಷುಮಾರಿಯಲ್ಲಿ 50,55,412 ಇದ್ದ ಸಂಸ್ಥಾನದ ಜನಸಂಖ್ಯೆಯು 1881ರಲ್ಲಿ 41,86,188ಕ್ಕೆ ಇಳಿಯಿತೆಂದರೆ ಹೆಚ್ಚು ಹೇಳಬೇಕಾದುದಿಲ್ಲ. ಮಳೆಯನ್ನೇ ನೆಚ್ಚಿದ ನಮ್ಮ ಬಯಲುಸೀಮೆಯಂತೂ ಬೆಂದುಹೋಯಿತು. ಗಂಜಿಗೆ ಗತಿಯಿಲ್ಲದಲ್ಲಿ ಬಳಪವನ್ನು ಹಿಡಿಯುವರಾರು? ಆದರೂ ಕ್ಷಾಮವು ಕಳೆದಮೇಲೆ ಹೋಬಳಿ ಶಾಲೆಗಳು ಮತ್ತೆ ಚಿಗುರಿದುವು. 1881ರಲ್ಲಿ ಸಂಸ್ಥಾನವು ಚಾಮರಾಜೇಂದ್ರ ಒಡೆಯರವರ ವಶಕ್ಕೆ ಬಂದಮೇಲೂ ರೈಸರು ಮೈಸೂರಿನ ಸೇವೆಯಲ್ಲಿಯೇ ಉಳಿದರು. 1882ರಲ್ಲಿ ಭರತಖಂಡದ ವಿದ್ಯಾಭ್ಯಾಸ ಸ್ಥಿತಿಯನ್ನು ವಿಚಾರಿಸಲು ಹಂಟರ್ ಎಂಬುವರ ಅಧ್ಯಕ್ಷತೆಯಲ್ಲಿ ಆಯೋಗವು ನೇಮಕವಾದಾಗ ಅದಕ್ಕೆ ಕಾರ್ಯದರ್ಶಿಯಾಗಿ ಆರಿಸಲ್ಪಟ್ಟವರು ರೈಸರೇ. ಹಳ್ಳಿಯ ದೇಶೀಯ ಶಾಲೆಗಳನ್ನು ಅಳಿಸದೆ ಪೋಷಿಸಿ ತಿದ್ದಬೇಕೆಂದು ಆ ಆಯೋಗವು ಸಲಹೆ ಮಾಡಿತು. ಮೈಸೂರಿನ ಹೋಬಳಿಗಳಲ್ಲಿ ಆ ಕಾರ್ಯವು ಹದಿನಾಲ್ಕು ವರ್ಷಗಳಷ್ಟು ಮೊದಲೇ ಆರಂಭವಾಗಿತ್ತು.

ಇನ್ನು ಶಾಸನಗಳ ವಿಚಾರ. ಶಾಲೆಗಳ ತನಿಖೆಗೆಂದು ಊರೂರು ತಿರುಗುವಾಗ ಹಳ್ಳಿಯವರು ತಮ್ಮ ಊರಿನ ಕಲ್ಲುಗಳನ್ನು ತೋರಿಸಿ, ತಾಮ್ರಪಟಗಳನ್ನು ತಂದು, ಇದರಲ್ಲಿ ಏನಿದೆ ಎಂದು ಕೇಳುತ್ತಿದ್ದರಂತೆ. ಅದರಿಂದಲೇ ಅವರಿಗೆ ಈ ಹವ್ಯಾಸವು ಹಿಡಿಯಿತೆಂದು ಹೇಳುವರು. ಮೇಜರ್ ಡಿಕ್ಸನ್ ಎಂಬುವರು ತೆಗೆದಿದ್ದ ಶಾಸನಗಳ ಛಾಯಾಪಟಗಳನ್ನು ಆಧಾರವಾಗಿಟ್ಟುಕೊಂಡು 1879ರಲ್ಲಿ ಮೈಸೂರು ಶಾಸನಗಳ ಅನುವಾದವನ್ನು ಪ್ರಕಟಿಸಿದರು. ಶಾಲೆಗಳ ಭಾರವನ್ನು ಇಳಿಸಿದಮೇಲೆ ಪ್ರಾಕ್ತನ ಸಂಶೋಧನೆಯ ಅಧಿಕಾರವನ್ನು ವಹಿಸಿ, 1886ರಿಂದ 1904ರವರೆಗೆ ಎಪಿಗ್ರಾಫಿಯ ಕರ್ನಾಟಿಕದ ಹನ್ನೆರಡು ಸಂಪುಟಗಳನ್ನು ಹೊರತಂದರು. ಅವುಗಳಲ್ಲಿ ಬಂದ ಶಾಸನಗಳು ಹೆಚ್ಚು ಕಡಿಮೆ ಒಂಬತ್ತು ಸಾವಿರ. 1892ರಲ್ಲಿ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ಧಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳನ್ನು ಕಂಡುಹಿಡಿದು ಲೋಕಕ್ಕೆ ತಿಳಿಸಿದರು. ಓಲೆಗರಿಗಳಲ್ಲಿ ಅಡಗಿದ್ದ ಕಾವ್ಯ, ವ್ಯಾಕರಣಗಳನ್ನೂ ಬೆಳಕಿಗೆ ತಂದರು. ನಾಗವರ್ಮನ ಭಾಷಾಭೂಷಣವು 1884ರಲ್ಲಿ, ಭಟ್ಟಾಕಳಂಕನ ಶಬ್ದಾನುಶಾಸನವು 1890ರಲ್ಲಿ, ಪಂಪಭಾರತವು 1898ರಲ್ಲಿ ಅವರಿಂದ ಅಚ್ಚಾದುವು.

ಈ ಸಾವಿರಾರು ಶಾಸನಗಳಲ್ಲಿ ಒಂದನ್ನು ಶ್ರೀಮಠದ ಭಕ್ತರು ವಿಶೇಷವಾಗಿ ಅರಿಯತಕ್ಕದ್ದು. 1902ರಲ್ಲಿ ಪ್ರಕಟವಾದ ಏಳನೆಯ ಸಂಪುಟದಲ್ಲಿ ಬಳ್ಳಿಗಾವೆಯ ಕೇದಾರೇಶ್ವರ ದೇವಾಲಯದ ಶಾಸನವೊಂದಿದೆ. ಬಿಜ್ಜಳನ ಆಳ್ವಿಕೆಯಲ್ಲಿ, 1162ರ ಸುಮಾರಿನಲ್ಲಿ, ಕಾಳಾಮುಖ ಗುರುಗಳು ನಡೆಸುತ್ತಿದ್ದ ಕೋಡಿಯ ಮಠದ ವರ್ಣನೆಯು ಅದರಲ್ಲಿ ಬರುವುದು. ನಾಲ್ಕು ವೇದಗಳೂ, ಪಾಣಿನಿ ಶಾಕಟಾಯನಾದಿಗಳ ವ್ಯಾಕರಣಗಳೂ, ಷಡ್ದರ್ಶನಗಳೂ, ಹದಿನೆಂಟು ಪುರಾಣಗಳೂ ಆ ಮಠದಲ್ಲಿ ಅಧ್ಯಯನವಾಗುತ್ತಿದ್ದುವು. ಬಡವರು, ಕುಂಟರು, ಕುರುಡರು, ಕಿವುಡರು, ನಾನಾ ದೇಶದ ಭಿಕ್ಷುಗಳು ಅಲ್ಲಿ ಅನ್ನವನ್ನು ಪಡೆಯುತ್ತಿದ್ದರು. ರೋಗಿಗಳಿಗೆ ಔಷಧವೂ ಅಲ್ಲಿಯೇ. ಭಯಗೊಂಡ ಪ್ರಾಣಿಗಳಿಗೆಲ್ಲ ಅದು ಅಭಯಸ್ಥಾನ. ಮಠ, ಶಾಲೆ, ಛತ್ರ, ವೈದ್ಯಶಾಲೆ ಇವೆಲ್ಲವೂ ಒಂದೇ ಸೂರಿನಡಿಯಲ್ಲಿ ಇದ್ದುವೆಂಬುದು ಅದರಿಂದ ಗೊತ್ತಾಗುವುದು. ಹಳ್ಳಿಯವರು ಶಾಲೆಯನ್ನು ಮಠವೆಂದು ಕರೆಯುತ್ತಿದ್ದುದು ಅಜ್ಞಾನದಿಂದಲ್ಲ. ಆ ಮಾತಿನ ಬೇರು ಎಷ್ಟು ಆಳಕ್ಕೆ ಇಳಿದಿದೆಯೆಂಬುದನ್ನು, ಐಗಳ ಮಠಗಳನ್ನು ಹೋಬಳಿ ಶಾಲೆಗಳಾಗಿ ಮಾರ್ಪಡಿಸಿದ ಅದೇ ಕೈಯಿ ಕಲ್ಲಿನಿಂದ ಎತ್ತಿ ತೋರಿಸಿತು.

ಹನ್ನೆರಡನೆಯ ಸಂಪುಟವು ತುಮಕೂರು ಜಿಲ್ಲೆಯದು, 1904ರಲ್ಲಿ ಬಂದಿತು. ಕೊರಟಗೆರೆ ಆಗ ಮದ್ದಗಿರಿಗೆ ಸೇರಿದ ಉಪತಾಲ್ಲೂಕು. ಪಾವಗಡವು ಆ ವೇಳೆಗೆ ಚಿತ್ರದುರ್ಗದಿಂದ ತುಮಕೂರಿಗೆ ಬಂದಿತ್ತು. ನಿಡುಗಲ್ಲಿನ ದುರ್ಗದಿಂದ ಆಳಿದ ಚೋಳವಂಶದ ಇರುಂಗೋಳರು ಈ ಸಂಪುಟದಲ್ಲಿ ದೊರೆಯುವರು. ನೊಳಂಬರ ರಾಜಧಾನಿಯಾಗಿದ್ದ ಹೇಮಾವತಿಯು ಮೈಸೂರು ಸಂಸ್ಥಾನದ ಎಲ್ಲೆಯ ಹೊರಗಿದ್ದರೂ, ಶಿರಾದ ಶಾಸನಗಳ ಜೊತೆಗೆ ಅದರ ಶಾಸನಗಳನ್ನೂ ರೈಸರು ಸೇರಿಸಿಕೊಂಡರು; ನೊಳಂಬರ ವಂಶಾವಳಿಯನ್ನು ತಿಳಿಸುವ ಅಲ್ಲಿಯ ಸ್ತಂಭಶಾಸನವು ಶಿರಾ ತಾಲ್ಲೂಕಿನ ಸಂಖ್ಯೆಯಲ್ಲಿಯೇ ಇದೆ. ರಾಜ್ಯಗಳ ಗಡಿಯು ಬೇರೆ, ನಾಡಿನ ಗಡಿಯು ಬೇರೆ ಎಂಬುದನ್ನು ಅವರು ಬಲ್ಲರು.

1906ರಲ್ಲಿ ರೈಸರು ಕೆಲಸದಿಂದ ನಿವೃತ್ತರಾಗಿ ಇಂಗ್ಲೆಂಡಿಗೆ ತೆರಳಿದರು. ಅಲ್ಲಿಯೂ ಕನ್ನಡ ನಾಡಿನ ಚಿಂತೆಯನ್ನು ಬಿಡದೆ, ಶಾಸನಗಳಿಂದ ತಿಳಿದುಬಂದ ಮೈಸೂರು ಮತ್ತು ಕೊಡಗುಗಳ ಚರಿತ್ರೆಯನ್ನು ಬರೆದು 1909ರಲ್ಲಿ ಪ್ರಕಟಿಸಿದರು. ಇತ್ತ ಸಂಸ್ಥಾನದಲ್ಲಿ 1913ರಲ್ಲಿ ಪ್ರಾಥಮಿಕ ವಿದ್ಯಾಭ್ಯಾಸದ ಶಾಸನವು ಹೊರಟು, ಹೋಬಳಿಗೆ ಒಂದರಂತೆ ಇದ್ದ ಶಾಲೆಗಳು ಗ್ರಾಮ ಗ್ರಾಮಗಳಿಗೆ ಹರಡತೊಡಗಿದುವು. 1917ರಲ್ಲಿ ಶ್ರೀ ಸಿದ್ಧಗಂಗೆಯಲ್ಲಿ ಉದ್ದಾನ ಶಿವಯೋಗಿಗಳವರು ಸಂಸ್ಕೃತ ಪಾಠಶಾಲೆಯನ್ನೂ ಉಚಿತ ವಿದ್ಯಾರ್ಥಿನಿಲಯವನ್ನೂ ಸ್ಥಾಪಿಸಿದರು; ಹಳ್ಳಿಯ ಶಾಲೆಯಲ್ಲಿ ಓದು ಮುಗಿಸಿ ಮುಂದೆ ದಾರಿ ಕಾಣದೆ ನಿಂತಿದ್ದ ರೈತರ ಮಕ್ಕಳಿಗೆ ಅನ್ನವೂ ವಿದ್ಯೆಯೂ ಮತ್ತೆ ಒಂದೇ ಕಡೆ ದೊರೆಯುವಂತಾಯಿತು.

ಬೆಂಗಳೂರಿನಲ್ಲಿ ಹುಟ್ಟಿದ ರೈಸರು ಲಂಡನ್ನಿನ ಸಮೀಪದ ಹ್ಯಾರೋ ಎಂಬ ಊರಿನಲ್ಲಿ 1927ನೆಯ ಇಸವಿ ಜುಲೈ 10ರಂದು ದೇಹವನ್ನು ಬಿಟ್ಟರು. ತೊಂಬತ್ತು ವರ್ಷಗಳು ತುಂಬಲು ಇನ್ನು ಏಳು ದಿನಗಳು ಉಳಿದಿದ್ದುವು.